ಕ್ಯಾನ್ಸರ್ ಪೇಷಂಟ್ ಇರೋ ಮನೆಯವರೇ, ಈ ಬೆರ್ರಿ ಕ್ಯಾಪ್ಸೂಲ್‌ನವರನ್ನ ಒಳಗೆ ಬಿಟ್ಕೋಬೇಡಿ

ನಾಚಿಕೆ ಬಿಟ್ಟು ಬರೀತಿದೀನಿ. 14,400 ರೂಪಾಯಿ ಹೋಯ್ತು. ಅದು ಹಾಳಾಗಿ ಹೋಗ್ಲಿ, ಅಕ್ಕನ ಕೀಮೋ ಒಂದು ವಾರ ಮುಂದಕ್ಕೆ ಹೋಯ್ತಲ್ಲ, ಅದಕ್ಕೆ ಹೊಟ್ಟೆ ಉರೀತಿದೆ.

ಅಕ್ಕನಿಗೆ ಸ್ತನ ಕ್ಯಾನ್ಸರ್. ಆಪರೇಷನ್ ಮುಗಿದು ಆ ಕೆಂಪು ಔಷಧಿಯ ಕೀಮೋ ನಡೀತಿತ್ತು. ಇಂಥ ಹೊತ್ತಲ್ಲಿ ಯಾರು ಏನು ಹೇಳಿದ್ರೂ ಕಿವಿ ಅತ್ತಲೇ ಹೋಗುತ್ತೆ, ನಿಮಗೂ ಗೊತ್ತು. ಭಾವನ ಪರಿಚಯದವರು ಅಂತ ಒಬ್ಬ ಮೇಡಂ ಬಂದ್ರು. ವೆಲ್‌ನೆಸ್ ಕೋಚ್ ಅಂತೆ. ಬ್ಲೂಬೆರ್ರಿ, ನೇರಳೆ, ನೆಲ್ಲಿಕಾಯಿ ಸಾರದ ಕ್ಯಾಪ್ಸೂಲ್, ಡಬ್ಬಿಗೆ 4,800, ಮೂರು ಡಬ್ಬಿ ಸೇರಿ ಒಂದು ಕೋರ್ಸ್.

ನಾನು ಬಿದ್ದಿದ್ದು ಎಲ್ಲಿ ಗೊತ್ತಾ? ಒಂದು ಲೋಟ ನೀರು ಕೇಳಿದ್ರು. ಬ್ಯಾಗಿಂದ ಗಾಯಕ್ಕೆ ಹಚ್ಚೋ ಅಯೋಡಿನ್ ತೆಗೆದು ನಾಲ್ಕು ಹನಿ ಬಿಟ್ರು, ನೀರು ಚಹಾ ಡಿಕಾಕ್ಷನ್ ಥರ ಆಯ್ತು. "ಇದು ಅಕ್ಕನ ಮೈಯೊಳಗಿನ ಟಾಕ್ಸಿನ್" ಅಂದ್ರು. ಒಂದು ಕ್ಯಾಪ್ಸೂಲ್ ಬಿಚ್ಚಿ ಪುಡಿ ಉದುರಿಸಿ ಚಮಚದಲ್ಲಿ ತಿರುಗಿಸಿದ್ರು. ಕಂದು ಬಣ್ಣ ಮಾಯ, ತಿಳಿ ಗುಲಾಬಿ ನೀರು! ಅಕ್ಕ ಕೈಮುಗಿದಳು. ನಾನು ಆಗಲೇ ಫೋನ್ ತೆಗೆದು ದುಡ್ಡು ಕಳಿಸಿದೆ. ಡಾಕ್ಟರನ್ನ ಒಂದು ಮಾತು ಕೇಳಲಿಲ್ಲ. ಕೇಳಲಿಲ್ಲ ನೋಡಿ.

ಮೂರು ವಾರಕ್ಕೆ ರಕ್ತ ಪರೀಕ್ಷೆಯಲ್ಲಿ ಲಿವರ್ ರಿಪೋರ್ಟ್ ಏರಿತ್ತು. ಡಾಕ್ಟರು "ಬೇರೆ ಏನಾದ್ರೂ ತಗೋತಿದಾರಾ?" ಅಂದಾಗ ನಾಲಿಗೆ ಒಣಗಿತು. ಇದರಿಂದಲೇ ಆಯ್ತು ಅಂತ ಅವರು ಹೇಳಲಿಲ್ಲ, ಆದ್ರೆ ಕೂಡಲೇ ನಿಲ್ಲಿಸಿ ಅಂದ್ರು. ಆ ಕೆಂಪು ಔಷಧಿ ಒಂದು ಮಟ್ಟಿಗೆ ಕೋಶಕ್ಕೆ ಹಾನಿ ಮಾಡೋ ಫ್ರೀ ರ‍್ಯಾಡಿಕಲ್ ಹುಟ್ಟಿಸಿಯೇ ಗಡ್ಡೆಯ ಕೋಶವನ್ನ ಸುಡುತ್ತಂತೆ. ಮೇಲಿಂದ ಅದನ್ನ ತಡೆಯೋ ಆಂಟಿಆಕ್ಸಿಡೆಂಟ್ (ಈ ಬೆರ್ರಿ ಸಾರದಲ್ಲಿ ಇರೋದು ಅದೇ) ರಾಶಿ ಕೊಟ್ರೆ ಗಡ್ಡೆಗೇ ಕೊಡೆ ಹಿಡಿದ ಹಾಗೆ ಆಗಬಹುದು ಅಂದ್ರು.

ಅಕ್ಕನ ಮಗಳು ಮೈಸೂರಲ್ಲಿ ಬಯೋಕೆಮಿಸ್ಟ್ರಿ ಎಂಎಸ್ಸಿ. ಮೇಡಂ ಕೊಟ್ಟಿದ್ದ ಸಂಶೋಧನೆಯ ಜೆರಾಕ್ಸ್ ಓದಿ ತಲೆ ಚಚ್ಕೊಂಡಳು. "ಮಾಮ, ಇದು ಪೇಷಂಟಿಗೆ ಕೊಟ್ಟು ನೋಡಿದ್ದಲ್ಲ. ಎಂಸಿಎಫ್-7 ಅಂತ, 1970ರಲ್ಲಿ ಅಮೆರಿಕದ ಒಬ್ಬ ಸನ್ಯಾಸಿನಿಯಿಂದ ತೆಗೆದ ಸ್ತನ ಕ್ಯಾನ್ಸರ್ ಕೋಶ, ಇವತ್ತಿಗೂ ಲ್ಯಾಬಲ್ಲಿ ಬೆಳೆಸ್ತಿದಾರೆ. ಅದರ ಮೇಲೆ ನೇರ ಸಾರ ಸುರಿದಿದಾರೆ. ಉಪ್ಪು ಜಾಸ್ತಿ ಹಾಕಿದ್ರೂ ಸಾಯ್ತವೆ ಅವು! ನುಂಗಿದ್ರೆ ಬೆರ್ರಿಯ ಆ ಬಣ್ಣದ ಅಂಶ ರಕ್ತಕ್ಕೆ ಸೇರೋದೇ ಚೂರು." ಫಿನ್ಲೆಂಡಲ್ಲಿ 29 ಸಾವಿರ ಸಿಗರೇಟು ಸೇದೋರ ಮೇಲೆ ಪರೀಕ್ಷೆ ಮಾಡಿದಾಗ, ಬೀಟಾ ಕೆರೋಟಿನ್ ಮಾತ್ರೆ ತಗೊಂಡವರಿಗೇ ಶ್ವಾಸಕೋಶದ ಕ್ಯಾನ್ಸರ್ ಜಾಸ್ತಿ ಬಂತಂತೆ, 1994ರಲ್ಲೇ ಗೊತ್ತಾಗಿದ್ದು. ಅದೂ ಆಂಟಿಆಕ್ಸಿಡೆಂಟೇ.

ಆಮೇಲೆ ಅದೇ ಲೋಟ, ಅದೇ ಅಯೋಡಿನ್. ಅಡುಗೆಮನೆಯಿಂದ ಅರ್ಧ ನಿಂಬೆಹಣ್ಣು ತಂದು ಹಿಂಡಿದಳು. ನೀರು ತಿಳಿಯಾಯ್ತು. ವಿಟಮಿನ್ ಸಿ ಇರೋ ಯಾವುದು ಹಾಕಿದ್ರೂ ಹಂಗೇ ಆಗುತ್ತಂತೆ. ನಾನು ಏನೂ ಮಾತಾಡಲಿಲ್ಲ.

ಮೇಡಂಗೆ ಮೆಸೇಜ್ ಹಾಕಿದೆ. ಮೊದಲು "ಸರ್, ಟಾಕ್ಸಿನ್ ಹೊರಗೆ ಹೋಗುವಾಗ ಹಾಗೆ ಆಗುತ್ತೆ, ಡೋಸ್ ಡಬಲ್ ಮಾಡಿ." ಡಬಲ್ ಅಂತೆ! ರಿಪೋರ್ಟ್ ಕಳಿಸಿದೆ. "ನಿಮಗೆ ನಂಬಿಕೆ ಇಲ್ಲ, ಅದಕ್ಕೆ ಕೆಲಸ ಮಾಡ್ತಿಲ್ಲ." ದುಡ್ಡು ಕೇಳಿದೆ. "ಇದು ಫುಡ್ ಪ್ರಾಡಕ್ಟ್ ಸರ್, ಕ್ಯಾನ್ಸರ್ ವಾಸಿ ಆಗುತ್ತೆ ಅಂತ ನಾವು ಎಲ್ಲೂ ಬರೆದಿಲ್ಲ." ನಿಜ, ಬರೆದಿಲ್ಲ. ಡಬ್ಬಿ ಮೇಲೆ ಇರೋದು ಎಫ್ಎಸ್ಎಸ್ಎಐ ಅನ್ನೋ ಆಹಾರ ಲೈಸೆನ್ಸ್ ನಂಬರು, ಉಪ್ಪಿನಕಾಯಿ ಬಾಟಲಿ ಮೇಲಿರುತ್ತಲ್ಲ, ಅದೇ. ಕ್ಯಾನ್ಸರ್ ವಾಸಿ ಮಾಡ್ತೀವಿ ಅಂತ ಜಾಹೀರಾತು ಕೊಡೋದು 1954ರ ಕಾಯ್ದೆ ಪ್ರಕಾರ ಅಪರಾಧ, ಅದಕ್ಕೇ ಎಲ್ಲಾ ಬಾಯಲ್ಲೇ ಹೇಳೋದು. ಕೊನೆಗೆ ಒಂದು ಕೈಮುಗಿದ ಚಿತ್ರ, ಬ್ಲಾಕ್.

ಏನೇ ಕೊಡೋಕೆ ಮುಂಚೆ ಡಬ್ಬಿ ತಗೊಂಡು ಹೋಗಿ ಕೀಮೋ ಡಾಕ್ಟರಿಗೆ ತೋರಿಸಿ. ಮನೆಗೆ ಬಂದು ಲೋಟ ನೀರು ಕೇಳಿದ್ರೆ ಕುಡಿಯೋಕೆ ಮಾತ್ರ ಕೊಡಿ. ನೇರಳೆ, ನೆಲ್ಲಿಕಾಯಿ ಹಣ್ಣಾಗಿಯೇ ತಿನ್ನಬಹುದು ಅಂತ ಡಾಕ್ಟರೇ ಹೇಳಿದಾರೆ.

ಒಂದೂವರೆ ಡಬ್ಬಿ ಇನ್ನೂ ಕಪಾಟಲ್ಲಿದೆ. ನಿನ್ನೆ ಅಕ್ಕ "ದುಡ್ಡು ವಾಪಸ್ ಬಂತೇನೋ?" ಅಂದಳು. ಬಂತು ಕಣೇ ಅಂದೆ.