ತ್ರಿಶೂಲಕ್ಕೂ ಪಿ ಅಕ್ಷರಕ್ಕೂ ಎಷ್ಟು ದೂರ? ಹಳೇ ಪೆನ್ನಿ ನೋಡೋಕೆ ಲೂಪ್, ಮೈಕ್ರೋಸ್ಕೋಪ್, ಸ್ಕ್ಯಾನರ್

45 ಪೌಂಡ್ ಕೊಟ್ಟು ಕೊಂಡ 1895ರ ಪೆನ್ನಿ, ಅಂದರೆ ಬ್ರಿಟನ್ನಿನ ಹಳೇ ನಾಣ್ಯವೊಂದು ನನ್ನ ಮೇಜಿನ ಮೇಲಿದೆ. ಅದರ ಯೋಗ್ಯತೆ ಒಂದೆರಡು ಪೌಂಡ್ ಅಷ್ಟೇ.

ಆ ವರ್ಷದ ಪೆನ್ನಿಯಲ್ಲಿ ಎರಡು ಬಗೆ ಇವೆ. ನಾಣ್ಯದ ಒಂದು ಬದಿಯಲ್ಲಿರುವ ಬ್ರಿಟಾನಿಯಾ (ಬ್ರಿಟನ್ನಿನ ಸಂಕೇತವಾದ ಹೆಣ್ಣು) ಹಿಡಿದ ತ್ರಿಶೂಲಕ್ಕೂ ಪೆನ್ನಿ ಅನ್ನೋ ಪದದ ಪಿ ಅಕ್ಷರಕ್ಕೂ ಮಧ್ಯೆ 1 ಮಿ.ಮೀ. ಜಾಗ ಇದ್ದರೆ ಮಾಮೂಲಿ. 2 ಮಿ.ಮೀ. ಇದ್ದರೆ ಅಪರೂಪ. ಆನ್‌ಲೈನ್ ಹರಾಜಿನಲ್ಲಿ ಒಬ್ಬರು ‘2 ಮಿ.ಮೀ.’ ಅಂತ ಹಾಕಿದ್ದರು. ಫೋಟೋದಲ್ಲೂ ಹಾಗೇ ಕಾಣುತ್ತಿತ್ತು. ಫೋನನ್ನು ಓರೆಯಾಗಿ ಹಿಡಿದು ತೆಗೆದ ಫೋಟೋ ಅದು. ನಾಣ್ಯ ಕೋಳಿಮೊಟ್ಟೆ ಆಕಾರಕ್ಕೆ ಎಳೆದುಕೊಂಡಿತ್ತು. ನಾನು ತ್ರಿಶೂಲ ಬಿಟ್ಟು ಬೇರೇನೂ ನೋಡಿರಲಿಲ್ಲ.

ಆ ಸಿಟ್ಟಿನಲ್ಲೇ ಒಂದು ವರ್ಷದಲ್ಲಿ ನಾಲ್ಕು ಸಾಮಾನು ಕೊಂಡೆ. ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್, 9 ಪೌಂಡ್. ಯುಎಸ್‌ಬಿ ಮೈಕ್ರೋಸ್ಕೋಪ್, 28. ಹೊಸ ತೆಳು ಸ್ಕ್ಯಾನರ್, 55. ಕೊನೆಗೆ ಭಾನುವಾರದ ಕಾರ್ ಬೂಟ್ ಸಂತೆಯಲ್ಲಿ (ಜನ ಕಾರಿನ ಡಿಕ್ಕಿಯಲ್ಲಿ ಹಳೇ ಸಾಮಾನು ತಂದು ಮಾರುವ ಜಾಗ) ಸಿಕ್ಕ ದಪ್ಪನೆಯ ಹಳೇ ಸ್ಕ್ಯಾನರ್, 5 ಪೌಂಡ್. ಈಗ ದಿನಾ ಬಳಸೋದು ಆ 5 ಪೌಂಡಿನದ್ದನ್ನೇ.

ಯಾಕೆ ಅಂತ ಹೇಳಬೇಕಾದರೆ ನಾಣ್ಯದ ವಿಷಯ ಸ್ವಲ್ಪ ಹೇಳಬೇಕು. ಬ್ರಿಟನ್ 1860ರಲ್ಲಿ ತಾಮ್ರ ಬಿಟ್ಟು ಕಂಚಿಗೆ ಬಂತು. ಲೆನಾರ್ಡ್ ವಯನ್ ಕೆತ್ತಿದ ವಿಕ್ಟೋರಿಯಾ ರಾಣಿಯ ಚಿತ್ರ ಅದರ ಮೇಲೆ. ಇಲ್ಲಿಯವರು ಅದನ್ನು ಬನ್ ಹೆಡ್ ಅಂತಾರೆ, ನಾನು ‘ತುರುಬಿನ ಪೆನ್ನಿ’ ಅಂತೀನಿ. ಅದು 1894ರವರೆಗೆ ಬಂತು. 1860 ಒಂದೇ ವರ್ಷದಲ್ಲಿ ಅಂಚಿನ ಸುತ್ತ ಮಣಿ ಇರೋದೂ ಇದೆ, ಹಲ್ಲಿನ ಸಾಲಿನಂಥ ಸಣ್ಣ ಗೀಟು ಇರೋದೂ ಇದೆ. ಇಂಥ ಅಚ್ಚುಗಳನ್ನೆಲ್ಲ ಫ್ರೀಮನ್ ಅನ್ನೋ ನಾಣ್ಯತಜ್ಞರು ಪಟ್ಟಿ ಮಾಡಿದ್ದಾರೆ. ರಾಣಿಯ ಬದಿಗೆ ಅಂಕಿ, ಬ್ರಿಟಾನಿಯಾ ಬದಿಗೆ ಅಕ್ಷರ. ಹಾಗಾಗಿ ಸಂಗ್ರಹ ಮಾಡುವವರು ‘ಆರು ಪ್ಲಸ್ ಡಿ’ ಅಂತ ಮಾತಾಡಿಕೊಳ್ತಾರೆ.

ತೊಂದರೆ ಏನೆಂದರೆ, ಈ ಪೆನ್ನಿಗಳು 1971ರ ತನಕ ಜನರ ಜೇಬಿನಲ್ಲಿ ಓಡಾಡಿದವು. ನೂರು ವರ್ಷ! ಅಚ್ಚು ಗುರುತಿಸೋಕೆ ರಾಣಿಯ ತಲೆಯ ಮೇಲಿನ ಮಾಲೆಯಲ್ಲಿ 15 ಎಲೆಯೋ 16 ಎಲೆಯೋ ಎಣಿಸಿ ಅಂತಾರೆ. ನನಗೆ ಸಿಗುವ ನಾಣ್ಯಗಳಲ್ಲಿ ಎಲೆ ಹಾಗಿರಲಿ, ಕಿವಿಯೇ ಸವೆದುಹೋಗಿರುತ್ತದೆ. ಉಳಿಯೋದು ಅಂಚಿನ ಹತ್ತಿರದ ಅಕ್ಷರಗಳು, ಹಲ್ಲುಗಳು. ಅಕ್ಷರದ ಕಾಲು ಹಲ್ಲಿಗೆ ನೇರವಾಗಿದೆಯೋ, ಎರಡು ಹಲ್ಲಿನ ಸಂದಿಗೋ? ಇದನ್ನು ನೋಡೋಕೆ ಇಡೀ ನಾಣ್ಯ ಒಂದೇ ಸಲ, ಓರೆ ಇಲ್ಲದೆ ಕಾಣಬೇಕು.

ಮೈಕ್ರೋಸ್ಕೋಪ್ ಸೋತದ್ದು ಇಲ್ಲೇ. ಒಂದು ಅಂಕಿ ಪರದೆ ತುಂಬ ಬರುತ್ತದೆ, ಪಕ್ಕದ್ದು ಆಚೆ ಹೋಗುತ್ತದೆ. ಗೋಪುರದ ಗೋಡೆಗೆ ಮೂಗು ಒತ್ತಿ ನಿಂತು ಕಳಶ ಹುಡುಕಿದ ಹಾಗೆ. ಸುತ್ತ ಇರುವ ಎಲ್‌ಇಡಿ ದೀಪಗಳು ಕಂಚಿನ ಮೇಲೆ ಬಿಳಿ ಚುಕ್ಕಿ ಮೂಡಿಸುತ್ತವೆ. ಒಂದೇ ಕೆಲಸಕ್ಕೆ ಅದನ್ನು ಇಟ್ಟುಕೊಂಡಿದ್ದೇನೆ, 1882ರ ಪೆನ್ನಿಗೆ. ಆ ವರ್ಷ ಲಂಡನ್ ಟಂಕಸಾಲೆಯಲ್ಲಿ ಯಂತ್ರ ಬದಲಿಸುವ ಕೆಲಸ ನಡೆದಿತ್ತು. ಪೆನ್ನಿ ಹೊಡೆದದ್ದು ಬರ್ಮಿಂಗ್‌ಹ್ಯಾಮಿನ ಹೀಟನ್ ಟಂಕಸಾಲೆ, ಅದಕ್ಕೇ ಇಸವಿಯ ಕೆಳಗೆ ಎಚ್ ಇರುತ್ತದೆ. ಎಚ್ ಇಲ್ಲದ 1882 ತುಂಬಾ ಅಪರೂಪ. ಹಾಗಾಗಿ ಎಚ್ ಕೆರೆದು ಮಾರುವವರಿದ್ದಾರೆ. ಕೆರೆದ ಗೀರು ಹಿಡಿಯೋಕೆ ಮೈಕ್ರೋಸ್ಕೋಪ್ ಬೇಕು. (ಆ ಟಂಕಸಾಲೆಯ ಮುಂಭಾಗ ಇಕ್ನೀಲ್ಡ್ ಸ್ಟ್ರೀಟಿನಲ್ಲಿ ಇನ್ನೂ ನಿಂತಿದೆ. ನಾನಿರೋದೂ ಇದೇ ಊರಲ್ಲಿ. ಆ ದಾರಿಯಲ್ಲಿ ಬಸ್ಸು ಹೋದರೆ ಈಗಲೂ ಕತ್ತು ತಿರುಗುತ್ತದೆ.)

ಲೂಪಿನ ಮೇಲೆ ದೂರಿಲ್ಲ. 1865ರ ಪೆನ್ನಿಯಲ್ಲಿ 5ರ ಅಡಿಯಲ್ಲಿ 3 ಇಣುಕುವುದುಂಟು. ಅದನ್ನು ನೋಡೋಕೆ ನಾಣ್ಯವನ್ನು ಕಿಟಕಿ ಬೆಳಕಲ್ಲಿ ನಿಧಾನವಾಗಿ ವಾಲಿಸಬೇಕು, ಯಾವ ಯಂತ್ರವೂ ಅಷ್ಟು ಚೆನ್ನಾಗಿ ತೋರಿಸಲ್ಲ. ಆದರೆ ಡಿಸೆಂಬರಿನಲ್ಲಿ ಇಲ್ಲಿ ನಾಲ್ಕು ಗಂಟೆಗೇ ಕತ್ತಲು. ನಾನು ಕೂರೋದು ಮಗಳು ಮಲಗಿದ ಮೇಲೆ.

ಈಗ ಆ 55 ಪೌಂಡಿನ ಸ್ಕ್ಯಾನರ್. ನನ್ನ ಹೊಟ್ಟೆ ಉರಿಸಿದ್ದು ಇದು.

ಮೊದಲ ಸ್ಕ್ಯಾನ್‌ನಲ್ಲಿ ಅಂಚಿನ ಹಲ್ಲುಗಳು ಕತ್ತರಿಸಿಟ್ಟ ಹಾಗೆ ಬಂದವು. ಅಕ್ಷರ ಸ್ವಲ್ಪ ಮಂಕು. ಇಸವಿ ಪೂರ್ತಿ ಮಂಜು. ಗಾಜು ಕೊಳೆಯಾಗಿರಬೇಕು ಅಂದುಕೊಂಡು ಒರೆಸಿದೆ. ಮತ್ತೆ ಅದೇ. 1200 ಡಿಪಿಐ (ಇಂಚಿಗೆ ಎಷ್ಟು ಚುಕ್ಕಿ ಅನ್ನೋ ಲೆಕ್ಕ) ಸಾಲದು ಅಂತ 2400ಕ್ಕೆ, ಆಮೇಲೆ 4800ಕ್ಕೆ ಏರಿಸಿದೆ. ಮಂಜು ದೊಡ್ಡದಾಯಿತು, ಅಷ್ಟೇ. ನಾಣ್ಯ ಗಾಜಿಗೆ ಸರಿಯಾಗಿ ಕೂತಿಲ್ಲವೇನೋ ಅಂತ ಮೇಲೆ ನಿಘಂಟು ಹೇರಿದೆ. ಹೆಂಡತಿ ಬಂದು ನೋಡಿ, “ಏನ್ರೀ, ಉಪ್ಪಿನಕಾಯಿ ಹಾಕ್ತಿದ್ದೀರಾ?” ಅಂದಳು.

ಎರಡು ವಾರ ಹೀಗೇ ಹೋಯಿತು. ವಾಪಸ್ ಕೊಡುವ ಗಡುವೂ ದಾಟಿತು. ಕಾರಣ ಗೊತ್ತಾಗಿದ್ದು ಆಮೇಲೆ. ತೆಳು ಸ್ಕ್ಯಾನರ್‌ಗಳಲ್ಲಿ ಸಿಐಎಸ್ ಅನ್ನೋ ಸೆನ್ಸರ್ ಇರುತ್ತದೆ. ಅದು ಗಾಜಿನ ಕೆಳಗೇ, ಹತ್ತಿರದಲ್ಲೇ ಓಡಾಡುತ್ತದೆ. ಗಾಜಿಗೆ ತಾಗಿದ್ದು ಮಾತ್ರ ಅದಕ್ಕೆ ಸ್ಪಷ್ಟ. ಕಾಗದಕ್ಕೆ ಅಷ್ಟು ಸಾಕು. ನಾಣ್ಯದಲ್ಲಿ ಗಾಜಿಗೆ ತಾಗೋದು ಅಂಚು. ಉಳಿದದ್ದೆಲ್ಲ ಕೂದಲೆಳೆಯಷ್ಟು ಮೇಲೆ ನಿಂತಿರುತ್ತದೆ. ಆ ಕೂದಲೆಳೆಯೇ ಸಾಕು ಕೆಡಿಸೋಕೆ. ಡಬ್ಬಿಯ ಮೇಲೆ ಇದ್ಯಾವುದನ್ನೂ ಬರೆದಿರಲಿಲ್ಲ, ಸುಮ್ನೆ ಡಿಪಿಐ ಮಾತ್ರ ದಪ್ಪ ಅಕ್ಷರದಲ್ಲಿತ್ತು. ಈಗ ಅದು ಮಗಳ ಸ್ಕೂಲಿನ ಫಾರಂಗಳಿಗೆ.

ಹಳೇ ದಪ್ಪ ಸ್ಕ್ಯಾನರ್‌ಗಳಲ್ಲಿ ಇರೋದು ಸಿಸಿಡಿ ಅನ್ನೋ ಬೇರೆ ಬಗೆಯ ಸೆನ್ಸರ್. ಒಳಗೆ ಕನ್ನಡಿ, ಲೆನ್ಸ್ ಎಲ್ಲ ಇರುತ್ತವೆ, ಕ್ಯಾಮೆರಾ ಥರ. ಗಾಜಿನಿಂದ ಸ್ವಲ್ಪ ಮೇಲಿದ್ದರೂ ಚೆನ್ನಾಗಿ ಕಾಣುತ್ತದೆ. 30.8 ಮಿ.ಮೀ. ಅಗಲದ ಪೆನ್ನಿ 1200 ಡಿಪಿಐನಲ್ಲಿ ಸುಮಾರು 1450 ಪಿಕ್ಸೆಲ್ ಆಗಿ ಬರುತ್ತದೆ. ಒಂದು ಮಿ.ಮೀ.ಗೆ 47. ಅಂದರೆ ಅಳತೆ ಪಟ್ಟಿ ಚಿತ್ರದೊಳಗೇ ಇದೆ. 1879ರಲ್ಲಿ ಇಸವಿಯ ಅಂಕಿಗಳು ಒತ್ತೊತ್ತಾಗಿರುವ ಬಗೆ ಒಂದಿದೆ. ಕಣ್ಣಿಗೆ ಅನುಮಾನ ಬಂದರೆ ಪಿಕ್ಸೆಲ್ ಎಣಿಸಿದರಾಯ್ತು. ಇನ್ನೂ ಅನುಮಾನವಿದ್ದರೆ ಎರಡು ನಾಣ್ಯದ ಸ್ಕ್ಯಾನ್‌ಗಳನ್ನು ಜಿಂಪ್ ಅನ್ನೋ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಒಂದರ ಮೇಲೊಂದು ಇಟ್ಟು, ಮೇಲಿನದನ್ನು ಅರ್ಧ ಪಾರದರ್ಶಕ ಮಾಡುತ್ತೇನೆ. ಬ್ರಿಟಾನಿಯಾ ಸರಿಯಾಗಿ ಕೂತ ಮೇಲೂ ಅಕ್ಷರಗಳು ಜೋಡಿಯಾಗಿ ಕಂಡರೆ ಅಚ್ಚು ಬೇರೆ.

ಇದಕ್ಕೂ ಚಾಳಿಗಳಿವೆ. ಬೆಳಕು ಒಂದೇ ಕಡೆಯಿಂದ ಬೀಳುತ್ತದೆ. ನಾಣ್ಯ ತಲೆಕೆಳಗಾಗಿ ಇಟ್ಟರೆ ಉಬ್ಬಿದ ಅಕ್ಷರ ತಗ್ಗಿದಂತೆ ಕಾಣುತ್ತದೆ. ಹಾಗಾಗಿ ಪ್ರತಿ ಸಲ ಒಂದೇ ದಿಕ್ಕು, ಗಾಜಿನ ನಡುಭಾಗ. ಗಾಜಿನ ಮೇಲೆ ಎಳೆಯಬಾರದು, ಎತ್ತಿ ಇಡಬೇಕು. ಹೊಸ ಲ್ಯಾಪ್‌ಟಾಪಿಗೆ ಇದರ ಗುರುತೇ ಇಲ್ಲ, ಇದಕ್ಕೋಸ್ಕರ ಹಳೆಯದನ್ನು ಜೀವಂತ ಇಟ್ಟಿದ್ದೇನೆ. ಸದ್ದು ಜಾಸ್ತಿ.

ಹೊಳೆಯುವ, ಸವೆಯದ ನಾಣ್ಯ ಕೊಳ್ಳುವಷ್ಟು ದುಡ್ಡಿದ್ದವರಿಗೆ ಲೂಪ್ ಒಂದೇ ಸಾಕು. 1902ರ ‘ಲೋ ಟೈಡ್’ ಪೆನ್ನಿ ಹುಡುಕುವವರಿಗೆ ಅದೂ ಬೇಡ. ಸಮುದ್ರದ ಗೆರೆ ಬ್ರಿಟಾನಿಯಾಳ ಕಾಲು ಒಂದರ ಮೇಲೊಂದು ಬರುವ ಜಾಗಕ್ಕಿಂತ ಕೆಳಗಿದ್ದರೆ ಅದೇ. ನನ್ನಂತೆ ಡಬ್ಬಿಗಟ್ಟಲೆ ಸವೆದ ಪೆನ್ನಿ ತಂದು ರಾತ್ರಿ ಕೂರುವವರು ಹಳೇ ಸಿಸಿಡಿ ಸ್ಕ್ಯಾನರ್ ಹುಡುಕಿ. ಸಂತೆಯಲ್ಲಿ ಎರಡೂ ಕೈಯಲ್ಲಿ ಎತ್ತಿ ನೋಡಿ. ಭಾರವಾಗಿ, ದಪ್ಪಗಿದ್ದರೆ ಬಹುಪಾಲು ಅದೇ.

ಆ 45 ಪೌಂಡಿನ ಪೆನ್ನಿಯನ್ನು ಮಾರಿಲ್ಲ. ಸ್ಕ್ಯಾನರ್ ಹಚ್ಚಿದಾಗಲೆಲ್ಲ ಮೊದಲು ಅದನ್ನೇ ಇಟ್ಟು ನೋಡುತ್ತೇನೆ. ತ್ರಿಶೂಲದಿಂದ ಪಿ ತನಕ 49 ಪಿಕ್ಸೆಲ್ ಬಂದರೆ ಎಲ್ಲ ಸರಿಯಾಗಿದೆ ಅಂತ ಲೆಕ್ಕ.