ಮೇನ್ ರೋಡ್, ಒಳರಸ್ತೆ, ಕಾಲುವೆ ದಾರಿ: ಆರು ವಾರ ತುಳಿದು ನೋಡಿದ ಮೇಲೆ

ಮನೆಯಿಂದ ಕೆಲಸದ ಜಾಗಕ್ಕೆ ನನಗೆ ಮೂರು ದಾರಿ ಇವೆ. ಮೇನ್ ರೋಡ್ ಹಿಡಿದರೆ 8 ಕಿಲೋಮೀಟರ್. ಬಡಾವಣೆಗಳ ಒಳಗಿಂದ ಸುತ್ತಿಕೊಂಡು ಹೋದರೆ 9.5. ಕಾಲುವೆ ಪಕ್ಕದ ದಾರಿಯಲ್ಲಿ 11. ಮೊದಲ ಒಂದು ವರ್ಷ ನಾನು ಬೇರೆ ಯೋಚನೆಯನ್ನೇ ಮಾಡದೆ ಮೇನ್ ರೋಡಿನಲ್ಲಿ ಹೋಗುತ್ತಿದ್ದೆ. ಬಸ್ಸಿನಲ್ಲಿ ಓಡಾಡುತ್ತಿದ್ದ ಕಾಲದಿಂದ ಗೊತ್ತಿದ್ದ ದಾರಿ ಅದೊಂದೇ. ಸೈಕಲ್ ಶುರು ಮಾಡುವ ತುಂಬಾ ಜನ ಇದನ್ನೇ ಮಾಡುತ್ತಾರೆ. ಬಸ್ಸು, ಕಾರು ಹೋಗುವ ದಾರಿಯನ್ನೇ ಸೈಕಲ್‌ಗೂ ಇಟ್ಟುಕೊಳ್ಳುತ್ತಾರೆ, ಹದಿನೈದು ದಿನದಲ್ಲಿ ಹೆದರಿ ಸೈಕಲ್ಲನ್ನು ಮೂಲೆಗೆ ಸೇರಿಸುತ್ತಾರೆ. ಹಾಗೆ ಬಿಟ್ಟವರನ್ನು ಕಂಡಾಗ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಅವರಿಗೆ ಕೈಕೊಟ್ಟಿದ್ದು ಸೈಕಲ್ ಅಲ್ಲ, ದಾರಿ.

ನನಗೂ ಒಂದು ಸಂಜೆ ಸಾಕು ಅನ್ನಿಸಿತು. ಸಿಗ್ನಲ್‌ನಲ್ಲಿ ಒಂದು ಉದ್ದದ ಬಸ್ಸಿನ ಎಡಗಡೆ ನಿಂತಿದ್ದೆ. ಹಸಿರು ಬಿತ್ತು, ಬಸ್ಸು ಎಡಕ್ಕೆ ತಿರುಗಿತು. ಮುಂದಿನ ಚಕ್ರ ನನ್ನಿಂದ ದೂರದಲ್ಲೇ ಹೋಯಿತು, ಹಾಗಾಗಿ ಧೈರ್ಯವಾಗಿ ನಿಂತೇ ಇದ್ದೆ. ಆಮೇಲೆ ನೋಡಿದರೆ ಬಸ್ಸಿನ ಹೊಟ್ಟೆ ನನ್ನ ಕಡೆಗೇ ಸರಿಯುತ್ತಾ ಬಂತು, ಹ್ಯಾಂಡಲ್‌ಗೂ ತಗಡಿಗೂ ಮಧ್ಯೆ ಒಂದು ಗೇಣು ಜಾಗ, ಹಿಂದಿನ ಚಕ್ರದ ನಟ್ಟುಗಳನ್ನು ಒಂದೊಂದಾಗಿ ಎಣಿಸಬಹುದು ಅಷ್ಟು ಹತ್ತಿರ. ಸೈಕಲ್ ಎತ್ತಿಕೊಂಡು ಫುಟ್‌ಪಾತ್ ಹತ್ತಿದೆ. ಉದ್ದದ ಗಾಡಿ ತಿರುಗುವಾಗ ಅದರ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲಿ ಬರುವುದಿಲ್ಲ, ಒಳಗಡೆ ಕತ್ತರಿಸಿಕೊಂಡು ಬರುತ್ತದೆ. ಆ ಮೂಲೆಯಲ್ಲಿ ಯಾರಿದ್ದಾರೆ ಅಂತ ಡ್ರೈವರ್‌ಗೆ ಕನ್ನಡಿಯಲ್ಲಿ ಕಾಣುವುದೂ ಕಷ್ಟ. ಈಗ ದೊಡ್ಡ ಗಾಡಿ ಕಂಡರೆ ಹಿಂದೆಯೇ ನಿಲ್ಲುತ್ತೇನೆ, ಪಕ್ಕಕ್ಕೆ ಹೋಗುವುದಿಲ್ಲ.

ಆವತ್ತು ರಾತ್ರಿಯೇ ತೀರ್ಮಾನ ಮಾಡಿದೆ, ಮೂರೂ ದಾರಿಯನ್ನು ಸರಿಯಾಗಿ ನೋಡಬೇಕು ಅಂತ. ಒಂದೊಂದಕ್ಕೆ ಎರಡೆರಡು ವಾರ. ಅದೇ ಸೈಕಲ್, ಅದೇ ಬ್ಯಾಗು, ಹೆಚ್ಚು ಕಡಿಮೆ ಅದೇ ಹೊತ್ತು. ಸಣ್ಣ ನೋಟ್‌ಬುಕ್ಕಿನಲ್ಲಿ ದಿನಾ ಮೂರೇ ವಿಷಯ ಬರೆದೆ: ಎಷ್ಟು ನಿಮಿಷ ಹಿಡಿಯಿತು, ಎಷ್ಟು ಸಲ ಕಾಲು ಊರಿದೆ, ಎಷ್ಟು ಸಲ ಎದೆ ಝಲ್ ಅಂದಿತು.

ಮೊದಲು ಸಮಯದ ಮಾತು, ಎಲ್ಲರೂ ಕೇಳುವುದು ಅದನ್ನೇ ಅಲ್ವಾ. ಮೇನ್ ರೋಡ್ ಒಳ್ಳೆಯ ದಿನ 24 ನಿಮಿಷ, ಕೆಟ್ಟ ದಿನ 41. ಒಳರಸ್ತೆ 31ರಿಂದ 36. ಕಾಲುವೆ ದಾರಿ 35ರಿಂದ 38, ಅದಕ್ಕಿಂತ ಆಚೀಚೆ ಹೋಗಲೇ ಇಲ್ಲ. ಸರಾಸರಿ ತೆಗೆದರೆ ಮೇನ್ ರೋಡೇ ಗೆಲ್ಲುತ್ತದೆ. ಆದರೆ ಒಂಬತ್ತಕ್ಕೆ ಅಲ್ಲಿರಬೇಕು ಅಂದರೆ ನಾನು ಮನೆ ಬಿಡಬೇಕಾಗಿದ್ದು ಸರಾಸರಿ ನೋಡಿಕೊಂಡಲ್ಲ, ಕೆಟ್ಟ ದಿನ ನೋಡಿಕೊಂಡು. ಆ ಲೆಕ್ಕದಲ್ಲಿ ಅತಿ ಹತ್ತಿರದ ದಾರಿಗೆ ಎಲ್ಲಕ್ಕಿಂತ ಬೇಗ ಹೊರಡಬೇಕು! ಇದು ಬರೆದಿಟ್ಟುಕೊಳ್ಳುವ ತನಕ ನನಗೆ ಹೊಳೆದಿರಲೇ ಇಲ್ಲ.

ಕಾಲು ಊರುವ ಲೆಕ್ಕ ಇನ್ನೂ ಮಜವಾಗಿತ್ತು. ಮೇನ್ ರೋಡಿನಲ್ಲಿ ಸುಮಾರು 14 ಸಲ ನಿಲ್ಲುತ್ತಿದ್ದೆ, ಒಳರಸ್ತೆಯಲ್ಲಿ 6, ಕಾಲುವೆ ದಾರಿಯಲ್ಲಿ 2. ನಿಲ್ಲುವುದು ಅಂದರೆ ಬರೀ ಹೊತ್ತು ಹೋಗುವುದಲ್ಲ. ಸೈಕಲ್ಲೂ ಸೇರಿ 85 ಕೆಜಿ ತೂಕ 20 ಕಿಲೋಮೀಟರ್ ವೇಗದಲ್ಲಿದ್ದರೆ ಅದರಲ್ಲಿ 1,300 ಜೂಲ್ ಶಕ್ತಿ ಇರುತ್ತದೆ. ಬ್ರೇಕ್ ಒತ್ತಿದರೆ ಅಷ್ಟೂ ಬಿಸಿಯಾಗಿ ಹೋಯಿತು, ಮತ್ತೆ ಕಾಲಿನಿಂದಲೇ ಹುಟ್ಟಿಸಬೇಕು. ಅದೇ ಶಕ್ತಿಯಲ್ಲಿ ಸಪಾಟು ರಸ್ತೆಯಲ್ಲಿ ಅದೇ ವೇಗದಲ್ಲಿ ಹೆಚ್ಚು ಕಡಿಮೆ 90 ಮೀಟರ್ ಹೋಗಬಹುದು. ಅಂದರೆ 14 ಸಲ ನಿಂತರೆ ಸುಮಾರು ಒಂದೂಕಾಲು ಕಿಲೋಮೀಟರ್ ಸುಮ್ನೆ ಜಾಸ್ತಿ ತುಳಿದಂತೆ. ನಕ್ಷೆಯಲ್ಲಿ ಮೇನ್ ರೋಡಿಗೂ ಒಳರಸ್ತೆಗೂ ಒಂದೂವರೆ ಕಿಲೋಮೀಟರ್ ಅಂತರ. ಕಾಲಿನ ಲೆಕ್ಕದಲ್ಲಿ ಅದು ಮುಕ್ಕಾಲು ಕಿಲೋಮೀಟರ್ ಆಸುಪಾಸಿಗೆ ಇಳಿಯುತ್ತದೆ. ಸಂಜೆ ಮನೆಗೆ ಬಂದಾಗ ಎರಡರಲ್ಲೂ ಸುಸ್ತು ಒಂದೇ ಥರ ಯಾಕಿರುತ್ತಿತ್ತು ಅಂತ ಆಗ ಗೊತ್ತಾಯಿತು.

ಈಗ ಎದೆ ಝಲ್ ಅಂದಿದ್ದರ ವಿಷಯ. ನನ್ನ ಮಟ್ಟಿಗೆ ಇದೇ ಮುಖ್ಯ.

ಮೇನ್ ರೋಡಿನಲ್ಲಿ ಟ್ರಾಫಿಕ್ ಜಾಮ್ ಆದಾಗ ಅಷ್ಟೇನೂ ಭಯ ಇಲ್ಲ. ಎಲ್ಲ ಗಾಡಿಗಳೂ ನನ್ನಷ್ಟೇ ನಿಧಾನ. ಹೊಗೆ ಕುಡಿಯಬೇಕು, ಅಷ್ಟೇ. ಭಯ ಆಗಿದ್ದು ಖಾಲಿ ಇದ್ದಾಗ. ರಜೆಯ ದಿನ ಬೆಳಗ್ಗೆ ಆರಕ್ಕೆ ಒಂದು ಸಲ ಹೋದೆ, ಆರಾಮಾಗಿರುತ್ತದೆ ಅಂದುಕೊಂಡು. ಗಾಡಿಗಳು ಕಮ್ಮಿ, ಆದರೆ ಬಂದ ಒಂದೊಂದೂ 60ರಲ್ಲಿ ಸುಯ್ ಅಂತ ಪಕ್ಕದಲ್ಲೇ ಹೋಗುತ್ತಿತ್ತು. 30ರಲ್ಲಿ ಬರುವ ಗಾಡಿಗೂ 60ರಲ್ಲಿ ಬರುವ ಗಾಡಿಗೂ ಹೊಡೆತದಲ್ಲಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು ವ್ಯತ್ಯಾಸ. ಜೊತೆಗೆ ಫ್ಲೈಓವರ್. ಏರುವಾಗ ನನ್ನ ವೇಗ 10ಕ್ಕೆ ಇಳಿಯುತ್ತದೆ, ಅವರದ್ದು ಇಳಿಯುವುದಿಲ್ಲ, ಪಕ್ಕಕ್ಕೆ ಸರಿಯಲು ಗೋಡೆ ಬಿಟ್ಟರೆ ಏನೂ ಇಲ್ಲ. ಎರಡು ವಾರದಲ್ಲಿ ಎರಡು ಸಲ ಮಾತ್ರ ಅದರ ಮೇಲೆ ಹೋದೆ, ಉಳಿದ ದಿನ ಕೆಳಗಿನ ಸರ್ವಿಸ್ ರಸ್ತೆಯೇ ಸಾಕು ಅನ್ನಿಸಿತು.

ಅಂಚಿನ ಬಗ್ಗೆ ಒಂದು ಮಾತು. ಹೆದರಿಕೆಯಾದಷ್ಟೂ ನಾವು ರಸ್ತೆಯ ಅಂಚಿಗೆ ಸರಿಯುತ್ತೇವೆ. ಆದರೆ ಗಾಜಿನ ಚೂರು, ಜಲ್ಲಿ, ಮಳೆನೀರು ಇಳಿಯುವ ಕಬ್ಬಿಣದ ಜಾಲರಿ ಎಲ್ಲ ಇರುವುದು ಅಲ್ಲೇ. ಜಾಲರಿಯ ಸೀಳು ರಸ್ತೆಯ ಉದ್ದಕ್ಕೆ ಇದ್ದರೆ ಸಣ್ಣ ಟೈರ್ ನೇರವಾಗಿ ಒಳಗೆ ಇಳಿಯುತ್ತದೆ. ಅಂಚಿನಿಂದ ಒಂದು ಮೀಟರ್ ಒಳಗೆ, ಒಂದೇ ಗೆರೆಯಲ್ಲಿ ಹೋಗುವುದನ್ನು ನಾನು ಈ ಎರಡು ವಾರದಲ್ಲಿ ಕಲಿತೆ. ಹಿಂದಿನವರಿಗೆ ನಾವು ಚೆನ್ನಾಗಿ ಕಾಣುತ್ತೇವೆ, ಗುಂಡಿ ಬಂದರೆ ತಪ್ಪಿಸಿಕೊಳ್ಳಲು ಎರಡೂ ಕಡೆ ಜಾಗ ಇರುತ್ತದೆ.

ಒಳರಸ್ತೆಯಲ್ಲಿ ಭಯ ಬೇರೆ ಥರದ್ದು. ಗಾಡಿಗಳು ನಿಧಾನ, ಆದರೆ ಯಾವುದು ಎಲ್ಲಿಂದ ಬರುತ್ತದೋ ಗೊತ್ತಾಗುವುದಿಲ್ಲ. ಗೇಟಿನಿಂದ ಹಿಂದಕ್ಕೆ ಬರುವ ಕಾರು, ಚೆಂಡಿನ ಹಿಂದೆ ಓಡಿಬರುವ ಮಗು, ಸಿಗ್ನಲ್ಲೇ ಇಲ್ಲದ ಸಣ್ಣ ಸಣ್ಣ ಅಡ್ಡರಸ್ತೆಗಳು. ಎಲ್ಲಕ್ಕಿಂತ ಹೆಚ್ಚಾಗಿ ನಿಲ್ಲಿಸಿದ ಕಾರುಗಳ ಬಾಗಿಲು. ಮೂರನೇ ದಿನ ನನಗೆ ಆಗಿದ್ದೂ ಅದೇ. ಕಾರಿನ ಒಳಗೆ ಒಂದು ತಲೆ ಕಂಡಿತು, ಬಾಗಿಲಿನ ಅಂಚು ಎರಡು ಬೆರಳಗಲ ಸರಿಯಿತು, ನಾನು ಬ್ರೇಕ್ ಹಿಡಿಯುವಷ್ಟರಲ್ಲಿ ಪೂರ್ತಿ ತೆರೆಯಿತು. 20ರ ವೇಗ ಅಂದರೆ ಸೆಕೆಂಡಿಗೆ ಐದೂವರೆ ಮೀಟರ್. ಬಾಗಿಲು ನೋಡಿ ಬೆರಳು ಬ್ರೇಕಿಗೆ ಹೋಗುವಷ್ಟರಲ್ಲೇ ಒಂದು ಕಾರಿನುದ್ದ ಮುಂದೆ ಹೋಗಿರುತ್ತೇವೆ. ಆವತ್ತು ಹಿಂದೆ ಯಾರೂ ಇರಲಿಲ್ಲ, ಬಲಕ್ಕೆ ಸರಿದು ಬಚಾವಾದೆ. ಕಾರಿನ ಬಾಗಿಲು ಹೆಚ್ಚು ಕಡಿಮೆ ಒಂದು ಮೀಟರ್ ಹೊರಗೆ ಬರುತ್ತದೆ. ಹಾಗಾಗಿ ನಿಂತ ಕಾರುಗಳಿಂದ ಒಂದು ಮೀಟರ್‌ಗಿಂತ ಜಾಸ್ತಿ ದೂರದಲ್ಲೇ ಹೋಗಬೇಕು, ಹಿಂದಿನವರು ಹಾರ್ನ್ ಮಾಡಿದರೂ ಸರಿ.

ಒಳರಸ್ತೆಯ ದೊಡ್ಡ ತೊಂದರೆ ಮಾತ್ರ ಒಂದೇ ಜಾಗದಲ್ಲಿತ್ತು. ನಾಲ್ಕು ಲೇನಿನ ದೊಡ್ಡ ರಸ್ತೆಯೊಂದನ್ನು ಸಿಗ್ನಲ್ ಇಲ್ಲದ ಕಡೆ ಅಡ್ಡ ದಾಟಬೇಕು. ಉಳಿದ ಒಂಬತ್ತು ಕಿಲೋಮೀಟರ್ ಎಷ್ಟು ನೆಮ್ಮದಿಯಾಗಿದ್ದರೂ ಆ ಮೂವತ್ತು ಮೀಟರ್ ನೆನೆಸಿಕೊಂಡು ಬೆಳಗ್ಗೆ ಬೆಳಗ್ಗೆಯೇ ಹೊಟ್ಟೆಯಲ್ಲಿ ಒಂಥರಾ ಆಗುತ್ತಿತ್ತು. ದಾರಿಯನ್ನು ಅದರ ಸರಾಸರಿಯಿಂದ ಅಳೆಯಬಾರದು, ಅದರ ಅತಿ ಕೆಟ್ಟ ತುಂಡಿನಿಂದ ಅಳೆಯಬೇಕು ಅಂತ ಆಗಲೇ ಅನ್ನಿಸಿದ್ದು. ಖುಷಿಯ ವಿಷಯ ಏನೆಂದರೆ ಕೆಟ್ಟ ತುಂಡು ಸಾಮಾನ್ಯವಾಗಿ ಚಿಕ್ಕದೇ ಇರುತ್ತದೆ, ಅದನ್ನು ಮಾತ್ರ ಬದಲಾಯಿಸಬಹುದು. ಎರಡನೇ ವಾರ ನಡೆದುಕೊಂಡೇ ಸುತ್ತಮುತ್ತ ನೋಡಿದೆ. ಇನ್ನೂರು ಮೀಟರ್ ಆಚೆ ಪಾದಚಾರಿಗಳ ಸಿಗ್ನಲ್ ಇತ್ತು. ಒಂದು ಗಲ್ಲಿ ಮುಂಚೆಯೇ ತಿರುಗಿ, ಅಲ್ಲಿ ಇಳಿದು, ಸೈಕಲ್ ತಳ್ಳಿಕೊಂಡು ದಾಟಿದರೆ ಆಯಿತು. ಒಂದು ನಿಮಿಷ ಜಾಸ್ತಿ. ಆ ಒಂದು ನಿಮಿಷಕ್ಕೆ ನನ್ನ ಇಡೀ ಬೆಳಗು ಹಗುರವಾಯಿತು.

ವಾಪಸ್ ಬರುವಾಗ ಬಲಕ್ಕೆ ತಿರುಗಬೇಕಾದ ಒಂದು ದೊಡ್ಡ ಜಂಕ್ಷನ್ನೂ ಇದೆ. ರಸ್ತೆಯ ಎಡಗಡೆ ಹೋಗುವವರಿಗೆ ಬಲ ತಿರುವು ಅಂದರೆ ಎಲ್ಲ ಲೇನ್ ಕತ್ತರಿಸಿಕೊಂಡು ಮಧ್ಯಕ್ಕೆ ಬರಬೇಕು. ನಾನು ಹಾಗೆ ಮಾಡುವುದನ್ನು ಬಿಟ್ಟೆ. ನೇರ ಹೋಗುವವರ ಜೊತೆ ಜಂಕ್ಷನ್ ದಾಟಿ, ಎದುರಿನ ಮೂಲೆಯಲ್ಲಿ ನಿಂತು, ಸೈಕಲ್ ತಿರುಗಿಸಿಕೊಂಡು, ಆ ಕಡೆಯ ಹಸಿರಿಗೆ ಮತ್ತೆ ನೇರ ಹೋಗುತ್ತೇನೆ. ಎರಡು ಸಿಗ್ನಲ್ ಕಾಯಬೇಕು. ಹೊಸಬರಿಗೆ ನಾನು ಮೊದಲು ಹೇಳಿಕೊಡುವುದು ಇದನ್ನೇ. ಒಂದೇ ದಾರಿ ಹೋಗುವಾಗ ಒಂಥರಾ, ಬರುವಾಗ ಒಂಥರಾ ಇರುವುದು ಇಂಥ ತಿರುವುಗಳಿಂದಲೇ. ಹಾಗಾಗಿ ಪರೀಕ್ಷೆ ಮಾಡುವುದಾದರೆ ಎರಡೂ ಕಡೆಗೆ ಮಾಡಿ.

ಕಾಲುವೆ ದಾರಿ. ಇದನ್ನು ನಾನು ಮೆಚ್ಚಿಕೊಂಡುಬಿಟ್ಟೆ, ಹಾಗಾಗಿ ಇದರ ಕುಂದನ್ನೇ ಮೊದಲು ಹೇಳುತ್ತೇನೆ. ಸಂಜೆ ಕತ್ತಲಾದ ಮೇಲೆ ಅಲ್ಲಿ ದೀಪ ಇಲ್ಲ. ನನ್ನ ಹತ್ತಿರ ಇದ್ದಿದ್ದು ಮಿಣಿಮಿಣಿ ಮಿಟುಕುವ ಲೈಟು. ಅದು ಬೇರೆಯವರಿಗೆ ನಾನು ಕಾಣಲಿ ಅಂತ ಇರುವುದು, ನನಗೆ ರಸ್ತೆ ಕಾಣಲಿ ಅಂತಲ್ಲ. ಮಳೆ ಬಂದ ಮರುದಿನ ಅರ್ಧ ಕಿಲೋಮೀಟರ್ ಬರೀ ಕೆಸರು. ಮಧ್ಯದಲ್ಲಿ ಮೂರು ಕಿಲೋಮೀಟರ್ ಹೊರಗೆ ಬರಲು ದಾರಿಯೇ ಇಲ್ಲ, ಪಂಕ್ಚರ್ ಆದರೆ ಟ್ಯೂಬ್, ಪಂಪು ಜೊತೆಗಿರಬೇಕು ಅಥವಾ ತಳ್ಳಬೇಕು. ಒಬ್ಬರೇ ಹೋಗುವಾಗ ಕತ್ತಲಲ್ಲಿ ಆ ಮೂರು ಕಿಲೋಮೀಟರ್ ಎಲ್ಲರಿಗೂ ಒಂದೇ ಥರ ಇರುವುದಿಲ್ಲ. ನನ್ನ ಜೊತೆ ಕೆಲಸ ಮಾಡುವ ಗೆಳತಿಯೊಬ್ಬಳು ಬೆಳಗ್ಗೆ ಮಾತ್ರ ಬರುತ್ತೇನೆ ಅಂದಳು. ಅವಳ ಮಾತು ಸರಿ. ಇನ್ನು ಅಲ್ಲಿ ನಡೆಯಲು ಬರುವವರು ಕಿವಿಗೆ ಇಯರ್‌ಫೋನ್ ಹಾಕಿರುತ್ತಾರೆ. ಬೆಲ್ ಕೇಳಿಸುವುದಿಲ್ಲ, ಆದರೆ ಆ ಜಾಗ ನಮ್ಮಷ್ಟೇ ಅವರದ್ದೂ. ಅವರ ಹತ್ತಿರ ಬಂದಾಗ ನಡೆಯುವ ವೇಗಕ್ಕೇ ಇಳಿಯಬೇಕು.

ಇಷ್ಟೆಲ್ಲ ಆದರೂ ಬೆಳಗ್ಗೆ ಏಳೂವರೆಗೆ ಅಲ್ಲಿ ತುಳಿಯುವ ಸುಖವೇ ಬೇರೆ. ಏರಿಳಿತ ಇಲ್ಲವೇ ಇಲ್ಲ, ನೀರು ಹರಿಯಬೇಕಲ್ವಾ, ಹಾಗಾಗಿ ಕಾಲುವೆಯನ್ನು ಸಪಾಟಾಗಿ ಎಲ್ಲೋ ಸ್ವಲ್ಪ ಇಳಿಜಾರು ಕೊಟ್ಟು ತೋಡಿರುತ್ತಾರೆ, ಪಕ್ಕದ ದಾರಿಯೂ ಹಾಗೇ ಇರುತ್ತದೆ. ಗೇರ್ ಮುಟ್ಟುವ ಕೆಲಸವೇ ಇಲ್ಲ. ನಾಲ್ಕನೇ ದಿನ ನನ್ನದೇ ಚೈನು ಕಿರ್ ಕಿರ್ ಅನ್ನುವುದು ಕೇಳಿಸಿತು. ಎಷ್ಟು ದಿನದಿಂದ ಹಾಗೆ ಒಣಗಿತ್ತೋ, ಮೇನ್ ರೋಡಿನ ಗಲಾಟೆಯಲ್ಲಿ ಗೊತ್ತೇ ಆಗಿರಲಿಲ್ಲ. ಸಂಜೆ ಕೂತು ಎಣ್ಣೆ ಬಿಟ್ಟೆ.

ಗಾಳಿಯ ವ್ಯತ್ಯಾಸ ಕರವಸ್ತ್ರದಲ್ಲೇ ಕಂಡಿತು. ಮೇನ್ ರೋಡಿನ ವಾರದಲ್ಲಿ ಮುಖ ಒರೆಸಿದರೆ ಬೂದಿ ಬಣ್ಣದ ಗೆರೆ ಮೂಡುತ್ತಿತ್ತು. ಒಳರಸ್ತೆಯಲ್ಲಿ ಕಮ್ಮಿ, ಕಾಲುವೆ ಪಕ್ಕದಲ್ಲಿ ಬರೀ ಬೆವರು. ತುಳಿಯುವಾಗ ಸುಮ್ಮನೆ ಕೂತವರಿಗಿಂತ ಎರಡು ಮೂರು ಪಟ್ಟು ಜಾಸ್ತಿ ಗಾಳಿ ಎಳೆದುಕೊಳ್ಳುತ್ತೇವೆ. ಗಾಡಿಗಳ ಹೊಗೆಯ ಸಣ್ಣ ಕಣಗಳು ದೊಡ್ಡ ರಸ್ತೆಯಿಂದ ನೂರಿನ್ನೂರು ಮೀಟರ್ ದೂರ ಹೋಗುವಷ್ಟರಲ್ಲೇ ಬಹಳ ಕಡಿಮೆಯಾಗುತ್ತವೆ. ಹಾಗಾಗಿ ಕಾಲುವೆ ತನಕ ಹೋಗಲು ಆಗದಿದ್ದರೂ, ಪಕ್ಕದ ಸಮಾನಾಂತರ ಗಲ್ಲಿಗೆ ಸರಿದರೂ ಲಾಭ ಇದೆ.

ಆರು ವಾರ ಮುಗಿದಾಗ ಯಾವುದನ್ನು ಇಟ್ಟುಕೊಂಡೆ? ಮೂರರಲ್ಲಿ ಯಾವುದನ್ನೂ ಪೂರ್ತಿಯಾಗಿ ಅಲ್ಲ. ಬೆಳಗ್ಗೆ ಮನೆಯಿಂದ ಒಳರಸ್ತೆಗಳಲ್ಲಿ ಹೊರಟು, ಆ ಪಾದಚಾರಿ ಸಿಗ್ನಲ್‌ನಲ್ಲಿ ದಾಟಿ, ಕಾಲುವೆಯ ಕೊನೆಯ ನಾಲ್ಕು ಕಿಲೋಮೀಟರ್ ಸೇರಿಕೊಳ್ಳುತ್ತೇನೆ. ಒಟ್ಟು 10.2 ಕಿಲೋಮೀಟರ್, 34 ನಿಮಿಷ, ಮಳೆ ಇಲ್ಲದ ದಿನ ಇದು ತಪ್ಪುವುದೇ ಇಲ್ಲ. ಸಂಜೆ ಪೂರ್ತಿ ಒಳರಸ್ತೆ, ಯಾಕೆಂದರೆ ಅಲ್ಲಿ ಬೀದಿದೀಪ ಇದೆ, ಜನ ಇದ್ದಾರೆ, ಏನಾದರೂ ಆದರೆ ಯಾರಾದರೂ ಒಬ್ಬರು ನಿಲ್ಲುತ್ತಾರೆ. ಮೇನ್ ರೋಡನ್ನು ತೀರಾ ಅವಸರ ಇದ್ದಾಗ, ಅದೂ ಹಗಲು ಹೊತ್ತಲ್ಲಿ, ಗಾಡಿಗಳು ನಿಧಾನ ಇರುವಾಗ ಮಾತ್ರ ಬಳಸುತ್ತೇನೆ. ತಿಂಗಳಿಗೆ ಒಂದೆರಡು ಸಲ ಇರಬಹುದು.

ನಿಮ್ಮ ಊರಿನಲ್ಲಿ ಕಾಲುವೆ ಇಲ್ಲದೆ ಇರಬಹುದು. ರೈಲು ಹಳಿಯ ಪಕ್ಕದ ರಸ್ತೆ, ಕೆರೆ ಏರಿ, ದೊಡ್ಡ ಪಾರ್ಕಿನ ಹಿಂಬದಿ, ಏನಾದರೂ ಒಂದು ಇರುತ್ತದೆ. ಫೋನಿನ ನಕ್ಷೆಯನ್ನು ಕಾರಿನ ಲೆಕ್ಕದಲ್ಲೇ ನೋಡಿದರೆ ಇವು ಕಣ್ಣಿಗೆ ಬೀಳುವುದಿಲ್ಲ, ನಡೆಯುವವರ ದಾರಿ ಅಂತ ಹಾಕಿ ನೋಡಿ. ಮೊದಲ ಸಲ ರಜೆಯ ದಿನ ಹೋಗಿ, ಹೊತ್ತಿನ ಒತ್ತಡ ಇಲ್ಲದೆ. ಆಮೇಲೆ ಕೆಲಸದ ದಿನವೇ ಒಮ್ಮೆ ಹೋಗಿ, ಯಾಕೆಂದರೆ ರಜೆಯ ದಿನದ ರಸ್ತೆ ಬೇರೆಯೇ ರಸ್ತೆ. ಶಾಲೆ ಬಿಡುವ ಹೊತ್ತಲ್ಲಿ ನಮ್ಮ ಒಳರಸ್ತೆಯ ಒಂದು ತುಂಡು ಹತ್ತು ನಿಮಿಷ ಅಲುಗಾಡುವುದೇ ಇಲ್ಲ, ಅದು ಗೊತ್ತಾಗಿದ್ದು ಐದನೇ ದಿನ.

ಕಾಲುವೆಗೆ ಇನ್ನೂ ಮುಂಚೆಯೇ ಸೇರುವ ಒಂದು ಅಡ್ಡರಸ್ತೆ ಇದೆ, ಪೈಪು ಹಾಕಲು ಅಗೆದು ಮೂರು ತಿಂಗಳಾಯಿತು. ನಿನ್ನೆ ನೋಡಿದರೆ ಮಣ್ಣು ಮುಚ್ಚಿ ಜಲ್ಲಿ ಹಾಸಿದ್ದಾರೆ. ಡಾಂಬರು ಬಿದ್ದರೆ ಆ ದೊಡ್ಡ ರಸ್ತೆಯನ್ನು ದಾಟದೆಯೇ ಸೇತುವೆ ಕೆಳಗಿಂದ ಹೋಗಬಹುದು. ಈ ಭಾನುವಾರ ನಡೆದು ನೋಡಿಕೊಂಡು ಬರುತ್ತೇನೆ, ಸೋಮವಾರದಿಂದ ನೋಟ್‌ಬುಕ್ಕಿನಲ್ಲಿ ಹೊಸ ಪುಟ.