ಮೀಟಿಯೋರ್ 350: ಮೊದ್ಲು ಸೀಟು, ಆಮೇಲೆ ಮಿಕ್ಕಿದ್ದು

ರಾಯಲ್ ಎನ್‌ಫೀಲ್ಡ್ ಕಂಪನಿಯ ಮೀಟಿಯೋರ್ ಬೈಕ್ ತಗೊಂಡ ತಕ್ಷಣ ಎಲ್ರೂ ಕೇಳೋದು ಯಾವ ಸೈಲೆನ್ಸರ್ ಹಾಕ್ಸ್ಲಿ ಅಂತ. ನಾನ್ ಹೇಳೋದು, ಮೊದ್ಲು ಸೀಟಿಗೆ ದುಡ್ಡು ಹಾಕಿ. 765 ಎಂಎಂ ಎತ್ತರ, ಎರಡೂ ಕಾಲು ಆರಾಮಾಗಿ ನೆಲಕ್ಕೆ ಸಿಗುತ್ತೆ, ಆದ್ರೆ ಕಾಲು ಮುಂದಕ್ಕೆ ಚಾಚಿ ಕೂರೋ ಗಾಡಿ ಆಗಿರೋದ್ರಿಂದ ಮೈಭಾರ ಎಲ್ಲಾ ಸೊಂಟದ ಮೇಲೇ ಬೀಳುತ್ತೆ, ಗುಂಡಿ ಬಂದಾಗ ಸಲೀಸಾಗಿ ಎದ್ದು ನಿಲ್ಲೋಕೂ ಆಗಲ್ಲ, ಬೆಂಗಳೂರು ಬಿಟ್ಟು ಹಾಸನ ಮುಟ್ಟೋ ಹೊತ್ತಿಗೆ ಬೆನ್ನು ಹಿಡ್ಕೊಂಡ್ಬಿಡುತ್ತೆ.

ನಾನು ಸೀಟು ಮಾಡಿಸಿದ್ದು ಬೆಂಗಳೂರಿನ ಜೆ.ಸಿ. ರೋಡಿನ ಒಳಗಲ್ಲಿಲಿರೋ ಒಂದು ಸಣ್ಣ ಸೀಟ್ ಅಂಗಡಿಲಿ. ಅಲ್ಲಿನ ಯಜಮಾನ್ರು ಹೊಸ ಸೀಟ್ ಮಾರೋಕೆ ನೋಡ್ಲೇ ಇಲ್ಲ. ಕವರ್ ಬಿಚ್ಚಿ, ನನ್ನ ಗಾಡಿ ಮೇಲೆ ಕೂರಿಸಿ, ಭಾರ ಎಲ್ಲಿ ಬೀಳುತ್ತೋ ಅಲ್ಲಿ ಸ್ಕೆಚ್ ಪೆನ್ನಲ್ಲಿ ಗುರುತು ಹಾಕಿ, ಅಷ್ಟೇ ಜಾಗ ಕೊಯ್ದು ಗಟ್ಟಿ ಫೋಮ್ ಕೂರಿಸಿದ್ರು, ಮೇಲೆ ತೆಳ್ಳಗೆ ಒಂದು ಮೆತ್ತನೆ ಪದರ. ಬರೀ ಮೆತ್ತಗಿರೋ ಫೋಮ್ ಸ್ವಲ್ಪ ಹೊತ್ತಲ್ಲೇ ಕುಸಿದು ತಳ ಸಿಗುತ್ತೆ ಸಾರ್, ಅಂದ್ರು. ನಿಜ, ಈಗ ಸಕಲೇಶಪುರದವರೆಗೂ ಬೆನ್ನಿನ ಯೋಚ್ನೆನೇ ಇಲ್ಲ. ಕೊರತೆ ಅಂದ್ರೆ ಹೊಲಿಗೆ ಸಂದಿಲಿ ಮಳೆನೀರು ಇಳಿಯುತ್ತೆ, ಮಳೆಗಾಲಕ್ಕೆ ಕವರ್ ಹಾಕ್ಲೇಬೇಕು.

ಹ್ಯಾಂಡಲ್ ಹತ್ರಕ್ಕೆ ತರೋ ರೈಸರ್ ಕೂಡ ಹಾಕ್ಸಿದೆ, ಭುಜಕ್ಕೆ ತುಂಬಾ ಹಿತ. ಆದ್ರೆ ಹಾಕ್ಸಿದ್ಮೇಲೆ ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ಕ್ಲಚ್ ಕೇಬಲ್ಲು, ಬ್ರೇಕ್ ಹೋಸು ಬಿಗಿಯಾಗುತ್ತಾ ನೋಡಿ, ಎಂಜಿನ್ ಆನ್ ಇಟ್ಟು ತಿರುಗಿಸ್ದಾಗ ಆರ್‌ಪಿಎಂ (ಎಂಜಿನ್ ವೇಗ) ತಾನಾಗೇ ಏರಿದ್ರೆ ಆಕ್ಸಿಲರೇಟರ್ ಕೇಬಲ್ ಎಳೀತಿದೆ ಅಂತ ಅರ್ಥ, ಅಂಗಡಿಯಿಂದ ಗಾಡಿ ಈಚೆ ತೆಗೀಬೇಡಿ.

ಇನ್ನು ಲೈಟು. 2020ರಲ್ಲಿ ಬಂದ ಮೀಟಿಯೋರ್‌ಗೆ ಹೆಡ್‌ಲೈಟ್ ಸುತ್ತ ಇರೋ ಉಂಗುರ ಮಾತ್ರ ಎಲ್‌ಇಡಿ, ಮೇನ್ ಬಲ್ಬ್ ಹ್ಯಾಲೋಜನ್ನೇ. ಶಿರಾಡಿ, ಚಾರ್ಮಾಡಿ ಮಂಜಲ್ಲಿ ಅದು ಏನೇನೂ ಸಾಲಲ್ಲ. ಹಳದಿ ಫಾಗ್ ಲೈಟ್ ಒಂದು ಜೊತೆ ಲೆಗ್ ಗಾರ್ಡಿಗೆ ತಗ್ಗಲ್ಲಿ ಕಟ್ಟಿಸಿದೀನಿ, ರಸ್ತೆಯ ಬಿಳಿ ಗೆರೆ ಚೆನ್ನಾಗಿ ಕಾಣುತ್ತೆ. ಬೇರೆ ಒಂದ್ಕಡೆ ಹೆಡ್‌ಲೈಟ್ ವೈರ್ ಕತ್ತರಿಸಿ ಟೇಪ್ ಸುತ್ತಿ ಕೊಡ್ತೀವಿ ಅಂದ್ರು, ಬೇಡ ಅಂತ ಎದ್ದು ಬಂದೆ. ಬ್ಯಾಟರಿಯಿಂದ ನೇರವಾಗಿ ಫ್ಯೂಸ್, ರಿಲೇ (ಲೈಟಿನ ಕರೆಂಟ್ ಆನ್-ಆಫ್ ಮಾಡೋ ಸ್ವಿಚ್) ಇರೋ ಬೇರೆ ವೈರಿಂಗ್ ಸೆಟ್ಟೇ ಹಾಕ್ಸಿ, ಕಂಪನಿ ವೈರ್ ಕತ್ತರಿಸಿದ್ರೆ ವಾರಂಟಿಗೂ ತಕರಾರು ಬರುತ್ತೆ. ಎದುರು ಬರೋರ ಕಣ್ಣಿಗೆ ಹೊಡೀದ ಹಾಗೆ ಕೆಳಕ್ಕೆ ತಿರುಗಿಸಿ ಇಡಿ, ಊರೊಳಗೆ ಆಫ್ ಮಾಡಿ.

ಸೈಲೆನ್ಸರ್ ಮುಟ್ಟಿಲ್ಲ, ಮುಟ್ಟೋದೂ ಇಲ್ಲ. ಮೋಟಾರು ವಾಹನ ಕಾಯ್ದೆ 190(2)ರಲ್ಲಿ ಜೋರು ಸದ್ದಿನ ಸೈಲೆನ್ಸರ್‌ಗೆ 10,000 ರೂಪಾಯಿವರೆಗೂ ದಂಡ ಇದೆ, ಅದಕ್ಕಿಂತ ಹೆಚ್ಚಾಗಿ ಈ ಗಾಡಿಯ ಮೆತ್ತನೆ ಗುಡುಗುಡು ಸದ್ದು ನಂಗೆ ಹಾಗೇ ಇಷ್ಟ. ಸೈಲೆನ್ಸರ್‌ಗೆ ಹಾಕೋ ದುಡ್ಡಲ್ಲಿ ಹಿಂದೆ ಕೂರೋರಿಗೆ ಒಂದೊಳ್ಳೆ ಬ್ಯಾಕ್‌ರೆಸ್ಟ್ ಹಾಕ್ಸಿ, ನಮ್ಮನೆಯವರಂತೂ ಅದು ಬಂದ್ಮೇಲೆನೇ ದೂರದ ರೈಡಿಗೆ ಒಪ್ಕೊಂಡಿದ್ದು.